ಹರಕೆ ಹೊತ್ತು ವೈನಿನ ಊರಿಗೆ

ದೇವರಿಗೆ ಮಾತು ಕೊಡುವ ಮುಂಚೆ ಸ್ವಲ್ಪ ಭೂಗೋಳ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ನಮ್ಮವರು ದುಬೈನ ದೇರಾದ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ದುಡಿದದ್ದಕ್ಕೆ ಕಂಪನಿಯವರು ಮಗಳೂ ಸೇರಿ ನಮ್ಮ ಮೂವರಿಗೂ ಫ್ರಾನ್ಸ್ ಪ್ರವಾಸ ಕೊಟ್ಟರು. ಹಿಂದೊಮ್ಮೆ ನಮ್ಮ ವೀಸಾ ಅರ್ಜಿ ತಿರಸ್ಕಾರವಾಗಿತ್ತು. ಆ ಹೆದರಿಕೆಯಲ್ಲಿ ಇಗರ್ಜಿಯಲ್ಲಿ ಮೊಣಕಾಲೂರಿ, "ತಾಯೇ, ವೀಸಾ ಸಿಕ್ಕಿದರೆ ಒಂದು ವರ್ಷ ವೈನು ಮುಟ್ಟುವುದಿಲ್ಲ" ಎಂದು ಹರಕೆ ಹೊತ್ತೆ. ನಾಲ್ಕೇ ದಿನದಲ್ಲಿ ವೀಸಾ ಬಂತು. ಆಮೇಲೆ ನೋಡಿದರೆ ಪ್ರವಾಸ ವೈನಿಗೇ ಹೆಸರಾದ ಬೋರ್ಡೋ ಕಡೆಗೆ. ಅಲ್ಲಿ ಒಂದು ದ್ರಾಕ್ಷಿತೋಟ ನೋಡಿ ಮುಗಿದರೆ ನೋಡಲಿಕ್ಕೆ ಇರುವುದು ಇನ್ನೊಂದು ದ್ರಾಕ್ಷಿತೋಟ.

"ಎಂತ ಮಾರಾಯ್ತಿ, ಹಾಗಲಕಾಯಿ ಬಿಡ್ತೇನೆ ಅಂತ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದರು ನಮ್ಮವರು.

"ಬೇಡದ್ದನ್ನು ಬಿಟ್ರೆ ದೇವರಿಗೆ ಗೊತ್ತಾಗುದಿಲ್ವಾ?" ಎಂದೆ. ಆ ಮಾತು ಹೇಳುವಾಗ ನನಗೆ ನನ್ನ ಮೇಲೆಯೇ ಗೌರವ ಬಂದಿತ್ತು.

ನಾವು ಹೋದ ತೋಟದ ಯಜಮಾನಿಗೆ ಎಪ್ಪತ್ತರ ಮೇಲಿರಬೇಕು. ಪೀಪಾಯಿಗಳನ್ನಿಟ್ಟ ನೆಲಮಾಳಿಗೆ ಏಸಿ ಇಲ್ಲದೆಯೇ ತಂಪಾಗಿತ್ತು. ಅದಕ್ಕೆ ದೇವರಿಗೊಂದು ಸ್ತೋತ್ರ ಹೇಳಿದೆ. ಆಕೆಗೆ ಬರುವುದು ಫ್ರೆಂಚ್ ಮಾತ್ರ. ದುಬೈ ಶಾಲೆಯ ಎಂಟನೇ ಕ್ಲಾಸಿನಲ್ಲಿ ಫ್ರೆಂಚ್ ಕಲಿಯುವ ನಮ್ಮ ಮಗಳು ಲೀಝಾಳೇ ದುಭಾಷಿ. ಗ್ಲಾಸು ಕೈಗೆ ಬಂತು. ಬೇಡವೆಂದರೆ ಬೇಸರವಾದೀತೆಂದು ಬೆಳಕಿಗೆ ಹಿಡಿದೆ, ಮೂಸಿದೆ (ಮೂಸುವುದು ಹರಕೆಯಲ್ಲಿ ಸೇರಿರಲಿಲ್ಲ), ಕೆಳಗಿಟ್ಟೆ. ಆಕೆ ನನ್ನನ್ನೇ ನೋಡಿ, ನನಗೆ ಹಿಡಿಸಲಿಲ್ಲವೆಂದುಕೊಂಡು, ಒಳಗೆ ಹೋಗಿ ಇನ್ನೂ ಹಳೆಯ ಬಾಟಲಿ ತಂದರು. ಅದನ್ನೂ ಮೂಸಿ ಕೆಳಗಿಟ್ಟೆ. ಎರಡೂ ಸಲ ನನ್ನ ಪಾಲು ನಮ್ಮವರ ಹೊಟ್ಟೆ ಸೇರಿತು.

"ಹೀಗೇ ಇರು. ಬಾಯಿ ಬಿಡ್ಬೇಡ," ಎಂದು ನಮ್ಮವರು ಪಿಸುಗುಟ್ಟಿದರು.

ನಿಜ ಹೇಳುತ್ತೇನೆ, ನನಗೂ ಬಾಯಿ ಬಿಡುವ ಮನಸ್ಸಿರಲಿಲ್ಲ. ದುಬೈನ ಅಲ್ ಮುರಕ್ಕಬಾತ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಅಭಿಪ್ರಾಯ ಕೇಳುವುದು ಸಾರಿಗೆ ಉಪ್ಪಾಯಿತಾ ಎಂದು ಮಾತ್ರ. ಇಲ್ಲಿ ಒಂದು ದೇಶವೇ ನನ್ನ ಮುಖ ನೋಡುತ್ತಿತ್ತು. ಸ್ವಲ್ಪ ಹುಬ್ಬನ್ನೂ ಗಂಟಿಕ್ಕಿದೆ.

ಮೂರನೆಯ ಬಾಟಲಿಯ ಧೂಳನ್ನು ಆಕೆ ಏಪ್ರನ್ನಿನಿಂದ ಒರೆಸಿ, ನನ್ನ ಗ್ಲಾಸಿಗೆ ವೈನು ಸುರಿದರು. ಏನೋ ಹೇಳಿದರು. ಲೀಝಾಳ ಮುಖ ಬಾಡಿತು.

"ಮಮ್ಮಿ, ಇದು ಅವರ ಹಸ್ಬೆಂಡ್ ಸಾಯುವ ಮುಂಚೆ ಮಾಡಿದ ಲಾಸ್ಟ್ ವೈನ್ ಅಂತೆ. ಇದೂ ಬ್ಯಾಡ್ ಆಗಿದ್ರೆ ನಿಜ ಹೇಳ್ಬೇಕಂತೆ. ಡೂ ಸಮ್‌ಥಿಂಗ್!"

ಒಂದು ಗುಟುಕು ಕುಡಿದರೆ ಹರಕೆ ಹೋಯಿತು. ಕುಡಿಯದಿದ್ದರೆ ಆ ಜೀವದ ಸಮಾಧಾನ ಹೋಯಿತು. "ಹರಕೆ ಅಂತ ಹೇಳು," ಎಂದೆ.

"ಅದಕ್ಕೆ ಫ್ರೆಂಚಲ್ಲಿ ಎಂತ ಹೇಳ್ತಾರೆ? ನಮ್ಮ ಸಿಲೆಬಸಲ್ಲಿ ಇಲ್ಲ!"

ಬ್ಯಾಗಿನಿಂದ ಜಪಮಾಲೆ ತೆಗೆದು ತೋರಿಸಿದೆ, ಗ್ಲಾಸನ್ನು ತೋರಿಸಿದೆ, ಕೈ ಮುಗಿದೆ. ಆಕೆ ತಮ್ಮ ಕಾಲರಿನೊಳಗಿಂದ ಮಾತೆಯ ಪದಕ ಎಳೆದು ನನಗೆ ತೋರಿಸಿದರು. ಆಕೆಗೆ ಅರ್ಥವಾಗಿತ್ತು. ಯಾವುದಕ್ಕೆ ಹರಕೆ ಎಂದು ಕೇಳಿದರು. ಇಲ್ಲಿಗೆ ಬರಲಿಕ್ಕೇ ಎಂದು ಲೀಝಾ ಹೇಳಿದಳು. ಆಕೆ ನಗುತ್ತಾ ನಗುತ್ತಾ ಖಾಲಿ ಪೀಪಾಯಿಯ ಮೇಲೆ ಕುಳಿತೇಬಿಟ್ಟರು. ಮತ್ತೆ ನನ್ನ ಗ್ಲಾಸನ್ನು ತಾವೇ ಎತ್ತಿ, ಕಣ್ಣು ಮುಚ್ಚಿ ಕುಡಿದು, ಚೆನ್ನಾಗಿದೆ ಎಂದು ತಲೆಯಾಡಿಸಿದರು. ಈ ಸಲ ನಮ್ಮವರು ಕೈ ಚಾಚಲಿಲ್ಲ.

ಹೊರಡುವಾಗ ಆಕೆ ಹೇಳಿದ್ದನ್ನು ಲೀಝಾ ತಿಳಿಸಿದಳು: "ನೆಕ್ಸ್ಟ್ ಟೈಮ್ ವೈನ್ ಬದ್ಲು ಕಾಫಿ ಬಿಟ್ಟು ಬರ್ಬೇಕಂತೆ, ಮಮ್ಮಿ."

ಆಗಲಿ ಎಂದು ತಲೆಯಾಡಿಸಿ ಬಂದೆ. ಮನೆಗೆ ಮರಳಿ ಬೆಳಗಿನ ಕಾಫಿ ಸೋಸುವಾಗ ಯೋಚಿಸಿದೆ: ಕಾಫಿ ಬಿಟ್ಟು ನೋಡುವಂಥ ದೇಶವನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ವೈನಾದರೆ ನಾನು ಕುಡಿಯುವುದು ಕ್ರಿಸ್ಮಸ್ಸಿಗೆ ಒಂದು ಲೋಟ. ಹರಕೆಯೆಂದು ವರ್ಷವಿಡೀ ಬಿಡುವುದೂ ಆ ಒಂದೇ ಲೋಟ. ತಾಯಿ, ಎಷ್ಟು ಕುಡಿಯುತ್ತೀ ಎಂದು ಕೇಳದೆಯೇ ವೀಸಾ ಕೊಟ್ಟಳಲ್ಲ, ಅದು ಸಣ್ಣ ಕೃಪೆಯಲ್ಲ.