ಕುರಿಯನ್ನು ಪಾಲು ಹಾಕಿದ ಅತ್ತೆ

ನಮ್ಮ ಮನೆಯಲ್ಲಿ ಅತ್ತೆ ಸೊಸೆ ಜಗಳವಿಲ್ಲದ ವಾರ ಇಲ್ಲ. ಜಗಳವೆಲ್ಲ ಡೇಟಾಬೇಸಿನದು, ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹೇಗೆ ಜೋಡಿಸಿಡಬೇಕು ಅನ್ನುವುದು. ನಾನು ಕಾರವಾರದ ಕಡಲ ಬದಿಯವಳು, ಹೊನ್ನಾಳಿಯಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತಳಾದವಳು. ಕುರಿಯನ್ನು ಹತ್ತಿರದಿಂದ ನೋಡಿದ್ದೇ ಈ ಕಡೆ ಬಂದಮೇಲೆ. ಸೊಸೆ ಮನೆಯಲ್ಲೇ ಕೂತು ಆ್ಯಪ್ ಬರೆಯುತ್ತಾಳೆ. ಬಿಳಿಚೋಡಿನ ಕುರಿಗಾರರ ಸಂಘ ಅವಳನ್ನು ಕರೆದಿತ್ತು. ಯಾವ ಕುರಿ ಯಾರದು, ಯಾವುದಕ್ಕೆ ಯಾವ ಲಸಿಕೆ ಬಿತ್ತು ಅಂತ ಫೋನಿನಲ್ಲೇ ಕಾಣಬೇಕು. ಮೆಚ್ಚಿದರೆ ಕೆಲಸ ನಮಗೆ, ಇಲ್ಲವಾದರೆ ದಾವಣಗೆರೆಯ ಕಂಪನಿಗೆ. ಅದು ಅವಳ ಮೊದಲ ದೊಡ್ಡ ಕೆಲಸ.

"ಕುರಿ ಅಂದ್ರೆ ಬಣ್ಣ, ತಾಯಿ, ಮರಿ, ಲಸಿಕೆ ಎಲ್ಲ ಒಂದೇ ಗಂಟು. ಹಂಗೇ ಇಡೋ ಆಬ್ಜೆಕ್ಟ್ ಡೇಟಾಬೇಸೇ ಚಲೋ," ಅಂದಳು ಸೊಸೆ.

"ಒಂದೊಂದು ಸಂಗತಿಗೆ ಒಂದೊಂದು ಕೋಷ್ಟಕ, ನಂಬರಿನಿಂದ ಜೋಡಣೆ. ರಿಲೇಷನಲ್ಲೇ ಸರಿ," ಅಂದೆ ನಾನು.

ಸಂಘದ ಕುರಿಗಳ ವಿವರವನ್ನೇ ತುಂಬಿ ಎರಡೂ ಮಾದರಿಯನ್ನು ಬಿಳಿಚೋಡಿಗೆ ಒಯ್ದೆವು.

ನನ್ನ ಕುರಿ

"ಇಲ್ಲಿ ಬಣ್ಣ, ಇಲ್ಲಿ ಒಡೆಯ, ಇಲ್ಲಿ ಲಸಿಕೆ," ಎಂದು ತೋರಿಸಿದೆ. ಸಂಘದ ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು.

"ಅಮ್ಮಾರೇ, ಜೀವ ಇರೋ ಕುರಿ ಕೊಟ್ಟಿದ್ವಿ. ನೀವು ಆಗ್ಲೇ ಕೊಯ್ದು ಪಾಲು ಹಾಕೀರಲ್ರೀ. ತಲೆ ಯಾರಿಗೆ?"

ಸೊಸೆಯ ಕುರಿ

ಅವಳು ಅಧ್ಯಕ್ಷರದೇ ಒಂದು ಕರಿ ಕುರಿಯನ್ನು ತೆರೆದಳು. ಕುರಿ ತಾಯಿಯನ್ನು ಎಳೆದು ತಂತು, ತಾಯಿ ಒಡೆಯನನ್ನು, ಒಡೆಯ ತನ್ನ ಹಟ್ಟಿಯ ಕುರಿಗಳನ್ನೆಲ್ಲ. ಫೋನು ಬಿಸಿಯಾಗಿ ನಿಂತೇ ಹೋಯಿತು.

"ಬಿಡವ್ವ, ಕುರಿ ಜಾತೀನೇ ಹಂಗೆ. ಒಂದನ್ನ ಕರೆದ್ರೆ ಮಂದೇನೇ ಬರತೈತೆ," ಅಂದರು ಅಧ್ಯಕ್ಷರು.

ಸೊಸೆ ಸುಮ್ಮನಿರುವವಳಲ್ಲ. ಕೇಳಿದಷ್ಟೇ ಬರುವಂತೆ ಅಲ್ಲೇ ತಿದ್ದಿದಳು. ಕರಿ ಕುರಿಯ ಅಜ್ಜಿ ಮುತ್ತಜ್ಜಿಯರು ಥಟ್ಟನೆ ಬಂದರು. ನನ್ನ ಕೋಷ್ಟಕಗಳು ಇನ್ನೂ ತಾಯಿಯನ್ನೇ ಹುಡುಕುತ್ತಿದ್ದವು.

"ನಿಮ್ಮ ಜೋಡಣೆ ನಿಧಾನ, ಅತ್ತೆ," ಅಂದಳು.

ಕೆಟ್ಟ ಲಸಿಕೆ

ಅಷ್ಟರಲ್ಲಿ ಸೊಕ್ಕೆ ಊರಿನ ಪಶು ಆಸ್ಪತ್ರೆಯಿಂದ ಅಧ್ಯಕ್ಷರಿಗೆ ಫೋನು. ಒಂದು ಪೆಟ್ಟಿಗೆ ಲಸಿಕೆ ಬಿಸಿಲಲ್ಲಿ ಉಳಿದು ಕೆಟ್ಟಿತ್ತಂತೆ. ಅದು ಬಿದ್ದ ಕುರಿಗಳಿಗೆಲ್ಲ ಮತ್ತೆ ಹಾಕಬೇಕು. ಯಾವ ಕುರಿಗಳು?

ಸೊಸೆಯ ಆ್ಯಪ್ ಒಂದು ಕುರಿಯ ಗಂಟು ಬಿಚ್ಚಿ ನೋಡಿತು, ಕಟ್ಟಿತು, ಇನ್ನೊಂದನ್ನು ಬಿಚ್ಚಿತು. ನಾನು ಲಸಿಕೆಯ ಕೋಷ್ಟಕವನ್ನು ಕೇಳಿದೆ. ಅಧ್ಯಕ್ಷರು ಟೀ ಲೋಟ ಕೆಳಗಿಡುವ ಮೊದಲೇ ಕುರಿಗಳೂ ಒಡೆಯರೂ ತೆರೆಯ ಮೇಲೆ ಸಾಲಾಗಿ ನಿಂತರು. ಅಧ್ಯಕ್ಷರು ಅದನ್ನೆಲ್ಲ ಸೊಕ್ಕೆಗೆ ಫೋನಿನಲ್ಲಿ ಓದಿ ಹೇಳಿ ನನ್ನ ಕಡೆ ತಿರುಗಿದರು.

"ಪಾಲು ಹಾಕಿದ್ದೇ ಚಲೋ ಆತು ಬಿಡ್ರಿ. ಕೆಲಸ ನಿಮಗೇ."

ಬಸ್ಸಿನಲ್ಲಿ ನಾನು ಹೊನ್ನಾಳಿಯಾಚೆಯ ನ್ಯಾಮತಿಗೂ ಕೇಳುವಷ್ಟು ಜೋರಾಗಿ ಮಾತಾಡಿದೆ. ಸೊಸೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆ ಖಾಲಿ.

"ಅನ್ನ ಒಲೆ ಮೇಲೈತೆ, ಸಾರು ಪಡಸಾಲೆಯಾಗೈತೆ, ಉಪ್ಪು ಪಕ್ಕದ ಮನೆಯಾಗೈತೆ. ಜೋಡಿಸ್ಕೊಂಡು ಉಣ್ರಿ, ಅತ್ತೆ."

ಉಪ್ಪಿಗೆ ಹೋದವಳು ಪಕ್ಕದ ಮನೆಯಲ್ಲಿ ನನ್ನ ಗೆಲುವನ್ನು ಮೊದಲಿಂದ ಕೊನೆಯವರೆಗೆ ಹೇಳಿ ಬರುವಷ್ಟರಲ್ಲಿ ಸಾರು ತಣ್ಣಗಾಗಿತ್ತು.

"ಹೇಳಿರಲಿಲ್ವಾ," ಅಂದಳು ಸೊಸೆ, "ಜೋಡಣೆ ನಿಧಾನ ಅಂತ."