ಭೀಮಗೊಂಡರ ಮೂರನೆಯ ಗುಟುಕು

ಸ್ಕಾಚ್ ವಿಸ್ಕಿ ತಯಾರಾಗುವುದು ಸ್ಕಾಟ್ಲೆಂಡಿನಲ್ಲಿ. ನಮ್ಮ ಅಥಣಿ ಕಡೆ ತಯಾರಾಗುವುದು ಅದರ ಬಗ್ಗೆ ಭಾಷಣ ಮಾತ್ರ! ಅನಂತಪುರದ ದ್ರಾಕ್ಷಿ ಬೆಳೆಗಾರ ಭೀಮಗೊಂಡರು ಅಂಥ ಭಾಷಣಕಾರರು. ತೊಂಬತ್ತೊಂದರ ಬೇಸಿಗೆಯಲ್ಲಿ, ಹೆಂಡತಿ ಕಸ್ತೂರೆವ್ವನ ಹಡಗಿನ ನೌಕರಿಯ ಅಣ್ಣ ಮೂರು ಬಗೆಯ ಸ್ಕಾಚ್ ತಂದುಕೊಟ್ಟದ್ದೇ ತಡ, ತೋಟದ ಶೆಡ್ಡಿನಲ್ಲಿ ಗೆಳೆಯ ಬಾಳಾಸಾಬನನ್ನು ಕೂರಿಸಿಕೊಂಡು ಘೋಷಿಸಿಯೇ ಬಿಟ್ಟರು:

"ದ್ರಾಕ್ಷಿ ಬಾಯಾಗ ಇಟ್ರ ಯಾವ ತ್ವಾಟದ್ದಂತ ಹೇಳಾವ ನಾನು. ಈ ಮೂರರಾಗ ರಾಜಾ ಯಾವುದು, ಆಳು ಯಾವುದು, ಇವತ್ತ ತೀರ್ಪು ಕೊಡ್ತೇನಿ!"

ಮೊದಲ ಗುಟುಕಿಗೆ "ಒಣದ್ರಾಕ್ಷಿ!" ಎಂದರು. ಎರಡನೆಯದಕ್ಕೆ "ಬಿಸಿ ಬೆಲ್ಲ!" ಎಂದರು. ಮೂರನೆಯದು ಗಂಟಲಿಗಿಳಿದೊಡನೆ ನ್ಯಾಯಮೂರ್ತಿಗಳ ಮುಖ ಹಿಂಡಿದ ನಿಂಬೆಹಣ್ಣಾಯಿತು. ಹೊಗೆ! ಟಿಂಚರ್! ದವಾಖಾನೆ!

ಬಾಳಾಸಾಬ ಗ್ಲಾಸು ಮೂಸಿ ಬೆಚ್ಚಿಬಿದ್ದ. "ಅರೆ ಬಾಪ್ರೇ! ಭೀಮಾ, ಹ್ವಾದ ವರ್ಷ ಬಳ್ಳಿಗಿ ಹೊಡದು ಉಳಿದಿದ್ದ ಔಷಧ ಎದರಾಗ ಹಾಕಿ ಇಟ್ಟಿಯಲೇ?"

ಭೀಮಗೊಂಡರು ತಲೆಯ ಮೇಲೆ ಕೈಹೊತ್ತರು. ಹಾಕಿಟ್ಟಿದ್ದರು! ಮೂರೂ ಬಾಟಲಿ ಇಟ್ಟಿದ್ದ ಇದೇ ಹಲಗೆಯ ಮೇಲೆ, ಖಾಲಿಯಾದ ಹಳೆಯ ಸ್ಕಾಚ್ ಬಾಟಲಿಯಲ್ಲಿ! ಚಂದದ ಬಾಟಲಿ ಬಿಸಾಡಲು ಮನಸ್ಸಾಗದ ಜನ ನಾವು.

"ಸತ್ನೋ! ಕಸ್ತೂರಿಗಿ ಹೇಳ್ರೋ!"

ಮೋಟಾರ್ ಸೈಕಲ್ಲು ಅಥಣಿಗೆ ಹಾರಿತು. ಡಾಕ್ಟರ್ ದುರಗಪ್ಪ ಮೂಗಿಗೆ ನಳಿಕೆ ಇಳಿಸಿ, ಗೌಡರ ಹೊಟ್ಟೆಯನ್ನು ಹಂಡೆ ತೊಳೆದಂತೆ ತೊಳೆದರು. ಆಮೇಲೆ ಬಾಳಾಸಾಬ ಜೊತೆಗೆ ತಂದಿದ್ದ ಮೂರನೆಯ ಬಾಟಲಿಯನ್ನು ಮೂಸಿದರು. ಮತ್ತೆ ಮೂಸಿದರು. ಕಣ್ಣು ಮುಚ್ಚಿ ಮೂಸಿದರು.

"ಗೌಡ್ರ, ಇದು ಅಪ್ಪಟ ಸ್ಕಾಚ್ ಐತ್ರಿ. ಹೊಗಿ ಹಿಡಿಸಿ ಮಾಡಿದ ಮಾಲು ಹಿಂಗ ನಾರತೈತಿ. ರಾಜಾ ಅಂದ್ರ ಇದ ರಾಜಾ. ಅಂಥಾದನ್ನ ನನ್ನ ಕೈಲೆ ಗಟಾರಕ್ಕ ಹಾಕ್ಸಿದ್ರಲ್ಲ!"

"ಹಂಗಾರ ಆ ಔಷಧದ ಬಾಟ್ಲಿ ಎಲ್ಲೈತಿ?" ಎಂದು ಭೀಮಗೊಂಡರು ಚೀರುವಷ್ಟರಲ್ಲಿ, ಸುದ್ದಿ ಮುಟ್ಟಿ ಬಸ್ಸು ಹಿಡಿದಿದ್ದ ಹೆಂಡತಿ ಕಸ್ತೂರೆವ್ವ ಏದುಸಿರು ಬಿಡುತ್ತ ಒಳಗೆ ಬಂದಳು.

"ಮುಂಜಾನೆ ಕಸಾ ಹೊಡ್ಯಾಕ ಹ್ವಾದ್ರ ಹಲಗಿ ಮ್ಯಾಲ ನಾಕ ಬಾಟ್ಲಿ ಇದ್ದೂರಿ. ನಮ್ಮಣ್ಣ ತಂದಿದ್ದು ಮೂರ. ಮೂಸಿ ನೋಡಿದೆ, ಬಾವಿಯಿಂದ ದೂರ ಕುಣಿ ತೋಡಿ ಹುಗದ ಬಂದೆ. ರುಚಿ ನೋಡೂದು ನಿಮಗ ಬರತಿರಬೇಕು, ಎಣಸೂದು ನನಗ ಬರತೈತಿ!"

ಭೀಮಗೊಂಡರ ಕಣ್ಣು ತುಂಬಿದವು. ಮಲಗಿದಲ್ಲಿಂದಲೇ ಕೈಮುಗಿದರು. "ನಿನ್ನ ಪುಣ್ಯಾದಾಗ ಬದಕೇನಿ, ನಮ್ಮವ್ವ!"

"ಅವ್ವ ಅನಬ್ಯಾಡ್ರಿ. ಡಾಕ್ಟರ್ ನಗಾಕತ್ತಾರ."

ನೀವೂ ನಕ್ಕಿರಾ? ಎಲ್ಲರ ಮನೆಯಲ್ಲೂ ಒಬ್ಬ ಕಸ್ತೂರೆವ್ವ ಇರುವುದಿಲ್ಲ. ವಿಷಕ್ಕೆ ಔಷಧವೆಂದು ಹೆಸರಿಟ್ಟು, ಅದನ್ನು ಶರಬತ್ತಿನ ಬಾಟಲಿಗೆ, ಎಣ್ಣೆಯ ಡಬ್ಬಿಗೆ ಸುರಿದಿಟ್ಟು, ಹೆಣ ಬಿದ್ದಾಗ ಹಣೆಬರಹವನ್ನು ಬೈಯುತ್ತೀರಿ! ಈ ಹಾಳೆ ಮಡಚಿ. ಎದ್ದು ಹೋಗಿ, ನಿಮ್ಮ ಹಲಗೆಯ ಮೇಲಿರುವುದನ್ನು ಈಗಲೇ ಹೂತು ಬನ್ನಿ!