ಬೂಟು ಬಿಟ್ಟ ಬಾಗಿಲು

ಎಲ್ಡನ್ ಟ್ವೆಟನ್‌ಗೆ ಈ ಜಗತ್ತಿನಲ್ಲಿ ಸ್ವಂತದ್ದು ಎಂದು ಉಳಿದಿದ್ದು ಒಂದೇ, ಮನೆಯ ನೆಲಮಾಳಿಗೆ. ಮೇಲಿನದೆಲ್ಲ ಹೆಂಡತಿ ಬರ್ನೀಸಳ ಸಾಮ್ರಾಜ್ಯ. ಗ್ಯಾರೇಜು ಕೂಡ ಅವಳ ಬಟ್ಟೆಗಂಟುಗಳ ಪಾಲು. ಕೆಳಗೆ, ಮನೆ ಕಾಯಿಸುವ ಒಲೆಗೂ ಜಿಂಕೆಮಾಂಸದ ಫ್ರೀಜರಿಗೂ ನಡುವಿನ ಹತ್ತಡಿ ಜಾಗದಲ್ಲಿ ಅವನೂ ಅವನ ಕಂಪ್ಯೂಟರುಗಳೂ ಇದ್ದವು. ಆ ಹತ್ತಡಿಯನ್ನೂ ಈ ಜನವರಿಯಲ್ಲಿ ಅವನು ಪಣಕ್ಕಿಟ್ಟ. ಇಡು ಎಂದು ಯಾರೂ ಕೇಳಿರಲಿಲ್ಲ.

ಬರ್ನೀಸ್ ಊರಿನ ಕೌದಿ ಸಂಘದ ಅಧ್ಯಕ್ಷೆ. ಪ್ರತಿ ಚಳಿಗಾಲ ಸರೋವರದ ದಂಡೆಯಲ್ಲಿ ಮೂರು ದಿನದ ಕೌದಿ ಶಿಬಿರ. ಇರುವುದು ನಲವತ್ತು ಜಾಗ. ಹೆಸರು ಕೊಡಲು ಅರ್ಧ ಮಿನೆಸೋಟ ರಾಜ್ಯವೇ ಅವಳ ಫೋನಿಗೆ ಮುಗಿಬೀಳುತ್ತದೆ. (ಉತ್ಪ್ರೇಕ್ಷೆ ಎನ್ನುವವರು ಆ ದಿನ ಅವಳಿಗೊಮ್ಮೆ ಫೋನು ಮಾಡಿ ನೋಡಬಹುದು.) ಈ ಸಲ ಚರ್ಚಿನಲ್ಲಿ ಕಾಫಿಯ ಹೊತ್ತಿಗೆ ಎಲ್ಡನ್ ಎದ್ದು ನಿಂತು ಘೋಷಿಸಿಬಿಟ್ಟ: "ಫೋನ್ ಯಾಕೆ? ಶನಿವಾರ ಹತ್ತು ಗಂಟೆಗೆ ಇಂಟರ್ನೆಟ್ಟಲ್ಲೇ ನಮ್ಮನೆ ಕಂಪ್ಯೂಟರಿಗೆ ಬಂದು ಹೆಸರು ಬರೀರಿ!"

ಮನೆಗೆ ಬಂದ ಮೇಲೆ ಬರ್ನೀಸ್ ಕೋಟು ಬಿಚ್ಚುತ್ತ ಹೇಳಿದಳು: "ಅಷ್ಟು ಜನರ ಮುಂದೆ ಮಾತು ಕೊಟ್ಟಿದ್ದೀಯ. ನಡೀದಿದ್ರೆ ನಿನ್ನ ಪೆಟ್ಟಿಗೆಗಳು ಆಚೆಗೆ, ನನ್ನ ಕೌದಿ ಹೊಲಿಯೋ ಚೌಕಟ್ಟು ಕೆಳಗೆ."

"ನಡೆದ್ರೆ?"

"ನಡೆದಾಗ ನೋಡೋಣ."

ಎಲ್ಡನ್ ಮನೆಗೆ ಎರಡು ಕಂಪನಿಗಳ ಇಂಟರ್ನೆಟ್ಟು. ಮೊದಲನೆಯದು ವೇಗದ್ದು, ಆದರೆ ಹೊರಗಿನವರನ್ನು ಒಳಗೆ ಬಿಡದು. ಅದಕ್ಕೆಂದೇ ಎರಡನೆಯದನ್ನು ತರಿಸಿದ್ದ. "ಹೋಗೋದಕ್ಕೊಂದು, ಬರೋದಕ್ಕೊಂದು," ಎಂದು ಸಿಕ್ಕವರಿಗೆಲ್ಲ ವಿವರಿಸುತ್ತಿದ್ದ. ಎರಡಕ್ಕೂ ಕಾವಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಒಂದು ಹಳೆಯ ಕಂಪ್ಯೂಟರು. ಅದೇ ಫೈರ್‌ವಾಲ್, ದ್ವಾರಪಾಲಕ. ಒಂದು ತಂತಿ ಸತ್ತರೆ ಎಲ್ಲವೂ ಇನ್ನೊಂದರಲ್ಲಿ ಹೋಗಲಿ ಎಂದೂ ಅದಕ್ಕೆ ಅಪ್ಪಣೆ ಬರೆದಿಟ್ಟಿದ್ದ. ಗುರುವಾರ ನೆಲಮಾಳಿಗೆಯಲ್ಲೇ ಕೂತು, ಹೆಸರು ಬರೆಯಲು ಮಾಡಿದ ತನ್ನ ಪುಟವನ್ನು ತಾನೇ ತೆರೆದು ನೋಡಿ ಆನಂದಪಟ್ಟ. ಮನೆಯೊಳಗೇ ಕೂತು ಬಾಗಿಲು ತಟ್ಟಿ, ತಾನೇ "ಬನ್ನಿ" ಎಂದುಕೊಂಡರೆ ಬಾಗಿಲು ತೆರೆಯದೆ ಏನು ಮಾಡೀತು?

ಸರೋವರದ ಆಚೆ ದಡದಿಂದ ನಾದಿನಿ ಲವೋನ್ ಫೋನು ಮಾಡಿದಳು. "ಭಾವ, ಏನೂ ಕಾಣ್ತಿಲ್ಲ. ಬರೀ ಬಿಳೀ ಪುಟ. ಕಿಟಕಿ ಆಚೆ ನೋಡಿದ್ರೂ ಅದೇ, ಇದಕ್ಕೆ ಕಂಪ್ಯೂಟರ್ ಯಾಕೆ?"

ತಪ್ಪೇನೆಂದು ಎಲ್ಡನ್‌ಗೆ ಮಧ್ಯಾಹ್ನದೊಳಗೆ ತಿಳಿಯಿತು. ಲವೋನಳ ಪ್ರಶ್ನೆ ಎರಡನೆಯ ತಂತಿಯಲ್ಲಿ ಬರುತ್ತಿತ್ತು. ದ್ವಾರಪಾಲಕ ಉತ್ತರವನ್ನು ಅಭ್ಯಾಸಬಲದಿಂದ ಮೊದಲನೆಯದರಲ್ಲಿ ಕಳಿಸುತ್ತಿದ್ದ. ಹಿತ್ತಲಲ್ಲಿ ಕಾಯುತ್ತಿರುವವಳಿಗೆ ಬೀದಿಬಾಗಿಲಿಗೆ ಹೋಗಿ ಉತ್ತರ ಕೂಗಿದ ಹಾಗೆ. ತಿಳಿಯಿತು ನಿಜ, ಸರಿಮಾಡುವುದು ತಿಳಿಯಲಿಲ್ಲ. ಆ ದಿನ ಅವನು ಊಟ ಬಿಟ್ಟ. ಹಿಂಬಾಗಿಲ ಹಾದಿಯ ಹಿಮ ತೆಗೆಯುವುದನ್ನೂ ಬಿಟ್ಟ.

ಹಾಗಾಗಿ ಶುಕ್ರವಾರ ಕಾಫಿಗೆ ಬಂದ ಲವೋನ್, ಪಾದ್ರಿಗಳೂ ಅಪರಿಚಿತರೂ ಮಾತ್ರ ಬಳಸುವ ಮುಂಬಾಗಿಲಿನಿಂದ ಒಳಗೆ ಬಂದು ಬೂಟು ಅಲ್ಲೇ ಬಿಚ್ಚಿಟ್ಟಳು. ಖರ್ಜೂರದ ಕೇಕು ತಿಂದಳು. ಹೊರಡುತ್ತೇನೆಂದು ಎದ್ದು, ಪದ್ಧತಿಯಂತೆ ಹಿಂಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡಿದಳು. ಕೊನೆಗೆ ಕೆಳಗೆ ನೋಡಿದರೆ ಬೂಟಿಲ್ಲ.

"ಬೂಟು ಬಿಟ್ಟ ಬಾಗಿಲಲ್ಲೇ ಹೋಗ್ಬೇಕು ಕಣೇ," ಎಂದಳು ಬರ್ನೀಸ್. "ಎರಡು ವರ್ಷದ ಮಗೂಗೂ ಗೊತ್ತಿರುತ್ತೆ."

ಮೆಟ್ಟಿಲ ಮೇಲಿದ್ದ ಎಲ್ಡನ್‌ಗೆ ಜ್ಞಾನೋದಯವಾಯಿತು. ಬಂದವರು ಬೂಟು ಎಲ್ಲಿ ಬಿಟ್ಟರೆಂದು ಗುರುತು ಹಾಕಬೇಕು. ಉತ್ತರವನ್ನು ಅದೇ ಬಾಗಿಲಿಂದ ಕಳಿಸಬೇಕು! ಓಡಿ ಹೋಗಿ ಹೊಸ ಅಪ್ಪಣೆ ಬರೆದ. ಸಂಜೆ ಲವೋನ್ ಫೋನಿನಲ್ಲಿ "ಬಂತು ಭಾವ, ಹೂವಿನ ಚಿತ್ರ ಸಮೇತ!" ಎಂದಳು. ಬೂಟಿಗೆ ಗುರುತು ಹಾಕುವ ಉಪಾಯವನ್ನು ಎಲ್ಡನ್ ಅವಳಿಗೆ ಸವಿಸ್ತಾರವಾಗಿ ವಿವರಿಸಿದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಎಲ್ಡನ್ ಶನಿವಾರ ಬೆಳಿಗ್ಗೆ ಹೊರಗಿನಿಂದ ಕಣ್ಣಾರೆ ನೋಡಲು ಇಪ್ಪತ್ತು ಮೈಲಿ ದೂರದ ಲೈಬ್ರರಿಗೆ ಹೋದ. ಪುಟ ತೆರೆಯಿತು. ಅಲ್ಲಿಂದಲೇ ದ್ವಾರಪಾಲಕನ ಅಪ್ಪಣೆಗಳನ್ನೂ ತೆರೆದು ಓದಿದ. 'ಉಳಿದವರಿಗೆಲ್ಲ ಬಾಗಿಲು ಮುಚ್ಚು' ಎಂಬ ಸಾಲು ಕಟ್ಟಕಡೆಗೆ ಬಿದ್ದಿತ್ತು. ಇಷ್ಟು ಮುಖ್ಯವಾದದ್ದು ಕೊನೆಗಿರುವುದೇ? ಎತ್ತಿ ಮೊದಲಿಗಿಟ್ಟ.

ದ್ವಾರಪಾಲಕ ಮೇಲಿನಿಂದ ಓದುವವನು. ಮೊದಲ ಸಾಲು ಓದಿದ, ಬಾಗಿಲು ಮುಚ್ಚಿದ. ಯಜಮಾನನ ಮೂಗಿನ ಮೇಲೇ.

ಗಂಟೆ ಒಂಬತ್ತೂವರೆ. ಒಮ್ಮೆ ಆರಿಸಿ ಹಾಕಿದರೆ, ಉಳಿಸಿಡದ ಈ ಬದಲಾವಣೆಯನ್ನು ದ್ವಾರಪಾಲಕ ಮರೆತುಬಿಡುತ್ತಾನೆ. ಎಲ್ಡನ್ ಮನೆಗೆ ಫೋನು ಮಾಡಿದ. "ಬರ್ನೀಸ್, ಕೆಳಗಿಳಿದು ಕಪ್ಪು ಪೆಟ್ಟಿಗೆ ಗುಂಡಿ ಒತ್ತಿ ಆರಿಸಿ, ಮತ್ತೆ ಹಾಕು."

"ಇಲ್ಲಿರೋದೆಲ್ಲ ಕಪ್ಪೇ."

"ಗೊರಗೊರ ಅನ್ನೋದು."

"ನೀನಿಲ್ಲದಾಗ ಇಲ್ಲಿ ಯಾರೂ ಗೊರಗೊರ ಅನ್ನಲ್ಲ. ಹಾಂ, ಸಿಕ್ತು."

ಆಗ ಎಲ್ಡನ್‌ಗೆ ನೆನಪಾಯಿತು: ಬೂಟಿನ ಅಪ್ಪಣೆಯನ್ನೂ ಅವನು ಉಳಿಸಿಟ್ಟಿರಲಿಲ್ಲ. ಆರಿಸಿದರೆ ದ್ವಾರಪಾಲಕ ಅದನ್ನು ಮರೆತು ಗುರುವಾರದ ದಡ್ಡನಾಗಿ ಎದ್ದುಬರುತ್ತಾನೆ.

"ಬೇಡ, ಒತ್ತಬೇಡ!"

"ಒತ್ತಿ ಆಯ್ತು. ಲವೋನ್ ಇಲ್ಲೇ ಇದ್ದಾಳೆ, ಅವಳ ಮೊಬೈಲಲ್ಲಿ ನೋಡ್ತಿದ್ದಾಳೆ. ಬಿಳೀ ಪುಟ ಅಂತಾಳೆ. ನಾನೀಗ ನಲವತ್ತು ಜನಕ್ಕೆ ಏನಂತ ಹೇಳ್ಲಿ?"

ಎಲ್ಡನ್ ಕಾರು ಹತ್ತಿದ. ದಾರಿಯುದ್ದಕ್ಕೂ ಮುಂದೆ ಹಿಮ ತಳ್ಳುವ ಲಾರಿ, ಶವಯಾತ್ರೆಯ ವೇಗದಲ್ಲಿ. ಅದರ ಹಿಂದೆ ಅವನು ತನ್ನ ಹತ್ತಡಿಗೆ ಮನಸ್ಸಿನಲ್ಲೇ ಅಂತ್ಯಕ್ರಿಯೆ ಮುಗಿಸಿದ. ಮನೆ ಮುಟ್ಟಿದಾಗ ಹತ್ತೂ ಮುಕ್ಕಾಲು. ಹಿಂಬಾಗಿಲ ಹಾದಿ ಮೊಣಕಾಲುದ್ದ ಹಿಮದಲ್ಲಿತ್ತು. ಮುಂಬಾಗಿಲಲ್ಲಿ ಬೂಟು ಕಳಚಿ ಒಳಗೆ ಓಡಿದ.

ಅಡುಗೆಮನೆಯಲ್ಲಿ ಅಕ್ಕತಂಗಿಯರು ಕಾಫಿ ಕುಡಿಯುತ್ತಿದ್ದರು.

"ಭರ್ತಿ ಆಯ್ತು," ಎಂದಳು ಬರ್ನೀಸ್. "ಹತ್ತೂ ಕಾಲಿಗೇ. ನಲವತ್ತೂ."

"ಹೇಗೆ?"

"ಹೋಗೋದಕ್ಕೊಂದು ಬರೋದಕ್ಕೊಂದು ಅಂತಿದ್ದೆಯಲ್ಲ. ಹೋಗೋ ತಂತೀನ ಕಿತ್ತೆ. ಇನ್ನೆಲ್ಲಿಗೆ ಹೋಗುತ್ತೆ? ಬಂದ ದಾರೀಲೇ ಹೋಯ್ತು."

ಒಂದು ಸತ್ತರೆ ಇನ್ನೊಂದರಲ್ಲಿ ಹೋಗಲಿ ಎಂದು ಬರೆದವನು ತಾನೇ ಎಂದು ಎಲ್ಡನ್ ಹೇಳಬಯಸಿದ. ಇಬ್ಬರ ಮುಖ ನೋಡಿ ಮಾತು ಬದಲಿಸಿದ. "ಅಂತೂ ನಡೀತಲ್ಲ," ಎಂದ. "ನೆಲಮಾಳಿಗೆ ನನ್ನದೇ ಅಲ್ವಾ?"

"ನಡೀತು, ನೀನು ಅಲ್ಲಿಲ್ಲದೇ ಇದ್ದಿದ್ದಕ್ಕೆ. ಚೌಕಟ್ಟು ಆಗಲೇ ಇಳಿಸಿದ್ದೀವಿ. ನಿನ್ನ ಪೆಟ್ಟಿಗೆ ಫ್ರೀಜರ್ ಮೇಲಿದೆ, ಒಂದೇ ತಂತಿ ಸಾಕಂತೆ ಅದಕ್ಕೆ. ಹೋಗಿ ಹಿಂದಿನ ಹಾದಿ ಹಿಮ ತೆಗಿ."

ಎಲ್ಡನ್ ಕೋಟು ಹಾಕಿಕೊಂಡ, ಟೋಪಿ ಹಾಕಿಕೊಂಡ, ಸಲಿಕೆ ಹಿಡಿದು ಹಿಂಬಾಗಿಲಿಗೆ ಹೋದ. ಅಲ್ಲಿ ತಣ್ಣಗಿನ ನೆಲದ ಮೇಲೆ ಕಾಲುಚೀಲದಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಸಲಿಕೆ ಸಮೇತ ತಿರುಗಿ, ಅಡುಗೆಮನೆಯ ಮೂಲಕ ಮುಂಬಾಗಿಲ ಕಡೆಗೆ ನಡೆದ.

ಲವೋನ್ ಕೇಕು ಅಗಿಯುತ್ತ ಕೇಳಿದಳು: "ಗುರುತು ಹಾಕ್ಕೊಂಡಿರ್ಲಿಲ್ವಾ, ಭಾವ?"